ತಾಂಡೂರು ಗಡಿ, ಕುಂಚಾವರಂ ಕಾಡು, ನಡುವೆ ಒಂದು ಗನ್ ಲೈಸೆನ್ಸ್

ವಾಡಿ ಜಂಕ್ಷನ್‌ನಲ್ಲಿ ಸಿಕಂದರಾಬಾದ್ ಕಡೆಯ ಗಾಡಿ ಹತ್ತಿದರೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ ದಾಟಿ ತಾಂಡೂರು ಬರುತ್ತದೆ. ಸೇಡಂ, ಚಿಂಚೋಳಿಯವರಿಗೆ ತಾಂಡೂರು ಪರವೂರಲ್ಲ. ಸಂತೆ, ದವಾಖಾನೆ, ಬೀಗತನ ಎಲ್ಲವೂ ಅಲ್ಲಿಗೆ ಹಬ್ಬಿದೆ. ಆದರೆ 'ಕರ್ನಾಟಕ ರಾಜ್ಯಕ್ಕೆ ಮಾತ್ರ' ಎಂದು ಬರೆದಿರುವ ಗನ್ ಲೈಸೆನ್ಸ್ ಗಡಿಯ ಈಚೆಗೇ ನಿಂತುಬಿಡುತ್ತದೆ. ಅದೇ ಬಂದೂಕು, ಅದೇ ಮನುಷ್ಯ, ಅದೇ ಪುಸ್ತಕ. ಗಡಿ ದಾಟಿದೊಡನೆ ತೆಲಂಗಾಣ ಪೊಲೀಸರ ಲೆಕ್ಕದಲ್ಲಿ ಆತ ಪರವಾನಗಿ ಇಲ್ಲದೆ ಶಸ್ತ್ರ ಹಿಡಿದವನು. ಕಲಬುರಗಿ ಜಿಲ್ಲೆಯ ಈ ಪೂರ್ವ ಭಾಗದಲ್ಲಿ ಲೈಸೆನ್ಸ್ ಕೇಳುವವರು ಮೊದಲು ತಿಳಿಯಬೇಕಾದ ಸಂಗತಿ ಇದು. ಸರ್ಕಾರ ಕೊಡುವುದು 'ಬಂದೂಕು ಇಟ್ಟುಕೋ' ಎಂಬ ಬರಿಯ ಅನುಮತಿಯಲ್ಲ. ಯಾವ ಬಂದೂಕು, ಯಾವ ಕಾರಣಕ್ಕೆ, ಎಲ್ಲಿಯವರೆಗೆ, ಎಷ್ಟು ಗುಂಡು, ಯಾವ ತಾರೀಖಿನ ತನಕ ಎಂದು ಅಳೆದು ಕೊಡುವ ಅನುಮತಿ.

ಅಮೆರಿಕದಲ್ಲಿ ಬಂದೂಕು ಸಂವಿಧಾನ ಕೊಟ್ಟ ಹಕ್ಕು. ನಮ್ಮಲ್ಲಿ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಮಿನ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ಕೊಳ್ಳುವುದು, ಇಟ್ಟುಕೊಳ್ಳುವುದು, ಹೊತ್ತು ತಿರುಗುವುದು ಎಲ್ಲವೂ ಅಪರಾಧ. 2019ರ ತಿದ್ದುಪಡಿಯ ಬಳಿಕ ಇದಕ್ಕೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು, ಜೊತೆಗೆ ದಂಡ. ಭೀಮಾತೀರದ ಹೆಸರಿಗೆ ಅಂಟಿಕೊಂಡಿರುವ ನಾಡ ಪಿಸ್ತೂಲನ್ನು 'ಸುಮ್ಮನೆ ಧೈರ್ಯಕ್ಕೆ' ಸೊಂಟದಲ್ಲಿ ಸಿಕ್ಕಿಸಿಕೊಂಡವರೂ ಈ ಕಲಮಿನಿಂದ ತಪ್ಪಿಸಿಕೊಳ್ಳಲಾರರು.

ನಮ್ಮ ರಾಜ್ಯದಲ್ಲೇ ಒಂದು ಅಪವಾದವಿದೆ, ಕೊಡಗು. ಕೊಡವರಿಗೂ ಜಮ್ಮಾ ಎಂಬ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸ್‌ನಿಂದ ವಿನಾಯಿತಿ. 2019ರ ಅಕ್ಟೋಬರಿನಲ್ಲಿ ಕೇಂದ್ರ ಗೃಹ ಇಲಾಖೆ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. 'ಅಲ್ಲಿಯವರಿಗೆ ಉಂಟು, ನಮಗ್ಯಾಕೆ ಇಲ್ಲ' ಎಂದು ಚಿಂಚೋಳಿಯಲ್ಲಿ ಕೂತು ವಾದಿಸಿ ಫಲವಿಲ್ಲ.

ಇನ್ನು ನಮ್ಮ ಕಡೆಯ ದಾರಿ. ಕಲಬುರಗಿ ನಗರಕ್ಕೆ ಪೊಲೀಸ್ ಕಮಿಷನರೇಟ್ ಬಂದಿದೆ ನಿಜ, ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಅದರ ವ್ಯಾಪ್ತಿಗೆ ಸೇರುವುದಿಲ್ಲ. ಇಲ್ಲಿಯವರಿಗೆ ಲೈಸೆನ್ಸ್ ಕೊಡುವವರು ಜಿಲ್ಲಾ ದಂಡಾಧಿಕಾರಿಯಾಗಿ ಕೂರುವ ಜಿಲ್ಲಾಧಿಕಾರಿ, ವಿಚಾರಣೆ ನಡೆಸುವುದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ಕೈಕೆಳಗಿನ ಠಾಣೆ. ತಹಶೀಲ್ದಾರ್ ಕಚೇರಿಯಲ್ಲಿ ಲೈಸೆನ್ಸ್ ಸಿಗುವುದಿಲ್ಲ. 'ನಾನು ಮಾಡಿಸಿಕೊಡ್ತೀನಿ, ರೊಕ್ಕ ಕೊಡ್ರಿ' ಎನ್ನುವ ಏಜೆಂಟನ ಬಳಿಯಂತೂ ಇಲ್ಲವೇ ಇಲ್ಲ.

ಅರ್ಜಿಯ ನಮೂನೆ ಎ-1. ಕೇಂದ್ರ ಗೃಹ ಇಲಾಖೆಯ ಎನ್‌ಡಿಎಎಲ್-ಎಎಲ್‌ಐಎಸ್ ಪೋರ್ಟಲ್‌ನಲ್ಲಿ ಅದನ್ನು ತುಂಬಿ, ಪ್ರತಿ ತೆಗೆದು, ದಾಖಲೆ ಸಮೇತ ಜಿಲ್ಲಾಧಿಕಾರಿ ಕಚೇರಿಯ ದಂಡಾಧಿಕಾರಿ ಶಾಖೆಗೆ ಸಲ್ಲಿಸಬೇಕು. ವಯಸ್ಸು 21 ತುಂಬಿರಲೇಬೇಕು. ಬಿಳಿ ಹಿನ್ನೆಲೆಯ ಫೋಟೊ, ಆಧಾರ್, ಜನ್ಮ ದಿನಾಂಕ ಮತ್ತು ವಾಸದ ಪುರಾವೆ, ಉದ್ಯೋಗದ ಕಾಗದ, ರೈತರಾದರೆ ಪಹಣಿ. ಇವೆಲ್ಲ ಯಾರಿಗೂ ಹೇಳಿಕೊಡಬೇಕಾದವಲ್ಲ. ಜನ ಎಡವುವುದು ಉಳಿದ ಎರಡು ಕಾಗದಗಳಲ್ಲಿ. ಒಂದು, ಎಸ್-3 ನಮೂನೆಯ ವೈದ್ಯಕೀಯ ಪ್ರಮಾಣಪತ್ರ. ದೇಹದ ಜೊತೆ ಮನಸ್ಸೂ ಸ್ವಸ್ಥವಾಗಿದೆ ಎಂದು ವೈದ್ಯರು ಬರೆದುಕೊಡಬೇಕು, ಹಾಗಾಗಿ ಪರಿಚಯದ ಡಾಕ್ಟರ ಲೆಟರ್‌ಹೆಡ್ಡಿನ ಎರಡು ಸಾಲು ನಡೆಯದು. ಇನ್ನೊಂದು, ಎಸ್-1 ನಮೂನೆಯ ತರಬೇತಿ ಪ್ರಮಾಣಪತ್ರ. ಬಂದೂಕು ಬಿಚ್ಚುವುದು, ಜೋಡಿಸುವುದು, ತುಂಬುವುದು, ಖಾಲಿ ಮಾಡುವುದು, ಭದ್ರವಾಗಿಡುವುದು ಗೊತ್ತಿದೆ ಎಂಬುದಕ್ಕೆ ಅದು ಸಾಕ್ಷಿ. ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೊಲೀಸರೇ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸಿ ಪ್ರಮಾಣಪತ್ರ ಕೊಡುತ್ತಾರೆ. ಶಿಬಿರ ಬೇಕೆಂದಾಗ ಇರುವುದಿಲ್ಲ, ಆದ್ದರಿಂದ ಅರ್ಜಿಗೆ ಮೊದಲೇ ಠಾಣೆಯಲ್ಲಿ ವಿಚಾರಿಸಿ ಹೆಸರು ಕೊಟ್ಟಿರುವುದು ಒಳ್ಳೆಯದು.

ಇಷ್ಟೆಲ್ಲ ಸರಿಯಿದ್ದರೂ ಅರ್ಜಿಯ ಹಣೆಬರಹ ನಿಂತಿರುವುದು ಒಂದೇ ಅಂಕಣದ ಮೇಲೆ. ಬಂದೂಕು ಏಕೆ ಬೇಕು? 'ಆತ್ಮರಕ್ಷಣೆಗಾಗಿ' ಎಂದು ಒಂದು ಪದ ಬರೆದು ಬಿಡುವವರೇ ಹೆಚ್ಚು. ಆತ್ಮರಕ್ಷಣೆ ಯಾರಿಗೆ ಬೇಡ? ಆ ಒಂದು ಪದದಿಂದ ಅಧಿಕಾರಿಗೆ ತಿಳಿಯುವುದು ಏನೂ ಇಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳು ಯಾರ ಅರ್ಜಿಯನ್ನು ಪರಿಗಣಿಸಬಹುದೆಂದು ಹೇಳುತ್ತವೆ. ವೃತ್ತಿ, ವ್ಯಾಪಾರ, ನೌಕರಿಯ ಸ್ವರೂಪದಿಂದಲೇ ಜೀವಕ್ಕೋ ಆಸ್ತಿಗೋ ಅಪಾಯ ಇರುವವರು, ಶೂಟಿಂಗ್ ಕ್ರೀಡಾಪಟುಗಳು, ಸೈನ್ಯದಲ್ಲಿ ಇರುವವರು ಅಥವಾ ಇದ್ದು ಬಂದವರು. ಶಹಾಬಾದಿನ ಕಲ್ಲಿನ ವ್ಯಾಪಾರಿಯೊಬ್ಬರು ಕೂಲಿ ಬಟವಾಡೆಗೆ ವಾರಕ್ಕೊಮ್ಮೆ ನಗದು ಸಾಗಿಸುತ್ತಾರೆ ಎನ್ನೋಣ. ಬ್ಯಾಂಕಿನ ಸ್ಟೇಟ್‌ಮೆಂಟ್, ಖಣಿಯ ಲೀಸ್ ಪತ್ರ, ಜಿಎಸ್‌ಟಿ ದಾಖಲೆ, ಹಿಂದೆ ದರೋಡೆ ಯತ್ನವೋ ಬೆದರಿಕೆಯೋ ಆಗಿದ್ದರೆ ಆಗ ಠಾಣೆಯಲ್ಲಿ ಕೊಟ್ಟ ದೂರಿನ ಸ್ವೀಕೃತಿ, ಇವು ಆ ಅಂಕಣಕ್ಕೆ ಜೀವ ಕೊಡುತ್ತವೆ. ಬೆದರಿಕೆ ಬಂದಾಗ ಸುಮ್ಮನಿದ್ದು, ಲೈಸೆನ್ಸ್ ಬೇಕಾದಾಗ 'ನನಗೆ ಬಹಳ ವೈರಿಗಳಿದ್ದಾರೆ' ಎಂದರೆ ಇನ್‌ಸ್ಪೆಕ್ಟರ್ ಮೊದಲು ಕೇಳುವುದೇ 'ಹಂಗಿದ್ರ ಅವತ್ತ ಯಾಕ ಬರ್ಲಿಲ್ಲ?' ಎಂದು. ಆಸ್ತಿ ಕಡಿಮೆಯಿದೆ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸುವಂತಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಬಂದೂಕು ಸಾಹುಕಾರರಿಗೆ ಮಾತ್ರ ಎಂಬ ನಂಬಿಕೆ ಹಳೆಯ ಕಾಲದ್ದು. ಆದರೆ ಹೊಲದ ಬದುವಿನ ಜಗಳದಲ್ಲಿ ಶಾಂತಿ ಪಾಲನೆಗೆ ಮುಚ್ಚಳಿಕೆ ಬರೆದುಕೊಟ್ಟವರಿಗೆ ಆ ಅವಧಿ ಮುಗಿಯುವ ತನಕ ಬಾಗಿಲು ಮುಚ್ಚಿರುತ್ತದೆ. ಹಿಂಸೆಯ ಅಪರಾಧದಲ್ಲಿ ಶಿಕ್ಷೆಯಾದವರು ಶಿಕ್ಷೆ ಮುಗಿದ ಮೇಲೂ 5 ವರ್ಷ ಕಾಯಬೇಕು.

ಪೊಲೀಸ್ ವಿಚಾರಣೆ ಹೇಗಿರುತ್ತದೆ? ಅರ್ಜಿ ಎಸ್‌ಪಿ ಕಚೇರಿಯಿಂದ ಡಿವೈಎಸ್‌ಪಿ, ಅಲ್ಲಿಂದ ಠಾಣೆಗೆ ಇಳಿಯುತ್ತದೆ. ಬೀಟ್ ಪೊಲೀಸರು ಮನೆಗೆ ಬರುತ್ತಾರೆ, ಆದರೆ ಅವರ ಕೆಲಸ ಶುರುವಾಗಿರುವುದು ಅದಕ್ಕೂ ಮೊದಲೇ, ಓಣಿಯ ಹೋಟೆಲಿನಲ್ಲಿ. ಕುಡಿತ ಹೇಗೆ, ಅಣ್ಣತಮ್ಮಂದಿರ ಪಾಲಿನ ತಂಟೆ ಏನಾದರೂ ಇದೆಯೇ, ಹೆಂಡತಿ ಮಕ್ಕಳೊಡನೆ ಹೇಗಿದ್ದಾನೆ ಎಂಬುದು ಅಲ್ಲೇ ತಿಳಿದಿರುತ್ತದೆ. ಮನೆಯೊಳಗೆ ಬಂದವರು ನೋಡುವುದು ಬಂದೂಕು ಇಡುವ ಜಾಗ. ಮಲಗುವ ಕೋಣೆಯ ಗೋಡೆಗೆ ಅಪ್ಪನ ಕಾಲದ ಗೂಟ ತೋರಿಸಿ 'ಇಲ್ಲೇ ತೂಗುಹಾಕ್ತೀವಿ' ಎಂದರೆ ವರದಿ ಕೆಟ್ಟಂತೆಯೇ. ಗೋಡೆಗೆ ಬಿಗಿದ ಕಬ್ಬಿಣದ ಅಲಮಾರಿ ಇರಬೇಕು, ಅದರ ಕೀಲಿ ಒಬ್ಬರ ಕೈಯಲ್ಲಿರಬೇಕು, ಗುಂಡುಗಳಿಗೆ ಬೇರೆಯದೇ ಬೀಗದ ಪೆಟ್ಟಿಗೆ ಇರಬೇಕು. ಹೋಳಿಗೋ ಪಂಚಮಿಗೋ ಬಂದ ಮೊಮ್ಮಕ್ಕಳು ಅಡುಗೆಮನೆಯ ತನಕ ಓಡಾಡುವ ನಮ್ಮ ಮನೆಗಳಲ್ಲಿ ಇದನ್ನು ಪೊಲೀಸರು ಹೇಳುವ ತನಕ ಕಾಯುವುದೇ ತಪ್ಪು.

ಠಾಣೆಯ ವರದಿಗೆ 30 ದಿನ, ವರದಿ ತಲುಪಿದ ಮೇಲೆ ಜಿಲ್ಲಾ ದಂಡಾಧಿಕಾರಿಯ ನಿರ್ಧಾರಕ್ಕೆ 60 ದಿನ ಎಂಬುದು ನಿಯಮ. ವಾಸ್ತವದಲ್ಲಿ ಕಡತ ಇನ್ನೂ ನಿಧಾನವಾಗಿ ನಡೆಯುವುದುಂಟು. ಆದ್ದರಿಂದ ಪ್ರತಿ ಹಂತದ ಸ್ವೀಕೃತಿ ಸಂಖ್ಯೆ ಬರೆದಿಟ್ಟುಕೊಂಡು, ಕಡತ ಯಾವ ಮೇಜಿನ ಮೇಲಿದೆ ಎಂದು ಲಿಖಿತವಾಗಿಯೇ ಕೇಳಿ. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳುವ ಹಕ್ಕು ನಿಮಗಿದೆ, ಮೇಲ್ಮನವಿಗೆ 30 ದಿನದ ಕಾಲಾವಕಾಶವಿದೆ.

ಚಿಂಚೋಳಿ ತಾಲ್ಲೂಕಿನವರಿಗೆ ಇದರ ಮೇಲೆ ಇನ್ನೊಂದು ಬಾಗಿಲಿದೆ, ಮತ್ತು ಅದರ ಬಗ್ಗೆ ಹೇಳುವವರು ಕಡಿಮೆ. ಕುಂಚಾವರಂ ಸುತ್ತಲಿನ ಕಾಡು 2011ರಲ್ಲಿ ಚಿಂಚೋಳಿ ವನ್ಯಜೀವಿ ಧಾಮವಾಯಿತು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿ ಧಾಮವೆಂದು ಪತ್ರಿಕೆಗಳಲ್ಲಿ ಓದಿ ಹೆಮ್ಮೆಪಟ್ಟೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಮನ್ನು ಓದಿದವರು ವಿರಳ. ಧಾಮದೊಳಗೆ ಅಥವಾ ಅದರಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಲೈಸೆನ್ಸ್‌ದಾರರು ತಮ್ಮ ಹೆಸರನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕು. ಇನ್ನು ಆ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಹೊಸ ಲೈಸೆನ್ಸ್ ಕೊಡಬೇಕಾದರೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಸಮ್ಮತಿ ಮೊದಲೇ ಬೇಕು. ಕುಂಚಾವರಂ, ಚಂದ್ರಂಪಳ್ಳಿ ಸುತ್ತಿನ ಹಳ್ಳಿ, ತಾಂಡಾಗಳವರು ಅರ್ಜಿಯ ಜೊತೆ ತಮ್ಮ ಸರ್ವೆ ನಂಬರ್ ಧಾಮದ ಗಡಿಯಿಂದ ಎಷ್ಟು ದೂರ ಎಂಬುದನ್ನು ವಲಯ ಅರಣ್ಯಾಧಿಕಾರಿ ಕಚೇರಿಯಿಂದ ಬರೆಸಿಕೊಂಡು ಲಗತ್ತಿಸಿದರೆ ಕಡತ ನಡುದಾರಿಯಲ್ಲಿ ಅರಣ್ಯ ಇಲಾಖೆಗೆ ತಿರುಗಿ ಕಳೆದುಹೋಗುವುದು ತಪ್ಪುತ್ತದೆ. ಧಾಮದ ಒಳಗಿನ ದಾರಿಯಲ್ಲಿ ಬಂದೂಕು ಒಯ್ಯುವುದಕ್ಕೂ ಲಿಖಿತ ಅನುಮತಿ ಬೇಕು. ಕುಂಚಾವರಂನಿಂದ ಚಿಂಚೋಳಿ ಠಾಣೆಗೆ ನವೀಕರಣಕ್ಕೆಂದು ಬಂದೂಕು ತರುವಾಗ ರಸ್ತೆ ಎಲ್ಲಿ ಹಾಯುತ್ತದೆ ಎಂದು ನೋಡಿಕೊಳ್ಳಿ.

ಬೆಳೆ ರಕ್ಷಣೆಗೆ ಬಂದೂಕು ಕೇಳುವವರೂ ಈ ಭಾಗದಲ್ಲೇ ಹೆಚ್ಚು. ತೊಗರಿ ಕಾಯಿ ಕಟ್ಟುವ ಹೊತ್ತಿಗೆ ಹಂದಿ ನುಗ್ಗುತ್ತದೆ, ಕಡಲೆ ಮೊಳಕೆಯೊಡೆದರೆ ಚಿಗರಿ ಹಿಂಡು ಬರುತ್ತದೆ. ರಾತ್ರಿಯೆಲ್ಲ ಅಟ್ಟಣಿಗೆಯಲ್ಲಿ ಕೂತವನ ಸಂಕಟ ಸುಳ್ಳಲ್ಲ. ಕಾಯ್ದೆಯಲ್ಲಿ ಬೆಳೆ ರಕ್ಷಣೆಗೆಂದೇ ಲೈಸೆನ್ಸ್ ಇದೆ. ಆದರೆ ಬೆಳೆ ರಕ್ಷಣೆಯ ಲೈಸೆನ್ಸ್ ಎಂದರೆ ಬೇಟೆಯ ಲೈಸೆನ್ಸ್ ಅಲ್ಲ. ಚಿಗರಿ, ಅಂದರೆ ಕೃಷ್ಣಮೃಗ, ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯ ಪ್ರಾಣಿ. ಹಂದಿಯೂ ರಕ್ಷಿತ ಪಟ್ಟಿಯಲ್ಲೇ ಇದೆ. ಅಧಿಕಾರವಿರುವ ಅರಣ್ಯಾಧಿಕಾರಿಯ ಲಿಖಿತ ಆದೇಶವಿಲ್ಲದೆ ಹೊಡೆದರೆ ಬಂದೂಕಿನ ಲೈಸೆನ್ಸ್ ನಿಮ್ಮನ್ನು ಕಾಯುವುದಿಲ್ಲ, ಬದಲಿಗೆ ಲೈಸೆನ್ಸೂ ಹೋಗಿ ಬಂದೂಕೂ ಜಪ್ತಿಯಾಗುತ್ತದೆ. ಉಳಿಯುವುದು ಹೆದರಿಸಲು ಗಾಳಿಯಲ್ಲಿ ಹಾರಿಸುವ ಗುಂಡು. ಅದಕ್ಕಾಗಿ ಇಷ್ಟು ಕಾಗದ, ಇಷ್ಟು ರೊಕ್ಕ, ಐದೈದು ವರ್ಷಕ್ಕೆ ನವೀಕರಣ, ಪ್ರತಿ ಚುನಾವಣೆಗೆ ಠಾಣೆಗೆ ಒಪ್ಪಿಸುವ ಓಡಾಟ. ನನ್ನ ಅಭಿಪ್ರಾಯ ಕೇಳಿದರೆ ಎರಡು ಮೂರು ಎಕರೆಯ ರೈತನಿಗೆ ಇದು ಲಾಭದ ಬಾಬತ್ತಲ್ಲ. ಹಾನಿಯಾದ ಮರುದಿನವೇ ಮೊಬೈಲಿನಲ್ಲಿ ಫೋಟೊ ತೆಗೆದು, ಪಹಣಿಯ ಜೊತೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕುವುದು ಕೈಗೆಟುಕುವ ದಾರಿ. ಪರಿಹಾರ ಸಾಲದು ಎಂಬುದು ನಿಜ, ಆ ಜಗಳವನ್ನು ಬೇರೆಯಾಗಿ ಮಾಡಬೇಕು.

ಸೈನ್ಯದಿಂದ ಬಂದವರದು ಇನ್ನೊಂದು ಕಥೆ. ವಾಡಿ, ಸೇಡಂ ಸುತ್ತಿನ ಸಿಮೆಂಟ್ ಕಾರ್ಖಾನೆ, ಬ್ಯಾಂಕು, ನಗದು ಸಾಗಿಸುವ ವಾಹನಗಳಲ್ಲಿ ಗನ್‌ಮ್ಯಾನ್ ಕೆಲಸಕ್ಕೆ 'ಸ್ವಂತ ಗನ್ ಮತ್ತು ಲೈಸೆನ್ಸ್ ಇದ್ದವರಿಗೆ ಆದ್ಯತೆ' ಎಂಬ ಮಾತು ಕೇಳಿಬರುತ್ತದೆ. ಎರಡು ಎಚ್ಚರಿಕೆ ಇಲ್ಲಿ. ನೌಕರಿಯಲ್ಲಿದ್ದಾಗ ದೂರದ ಯಾವುದೋ ಜಿಲ್ಲೆಯಲ್ಲಿ ಲೈಸೆನ್ಸ್ ಪಡೆದವರು ಊರಿಗೆ ಮರಳಿದ 30 ದಿನದೊಳಗೆ ಕಲಬುರಗಿ ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಿ, ಇಲ್ಲಿಯ ದಾಖಲೆಗೆ ಸೇರಿಸಿಕೊಳ್ಳಬೇಕು. ಜಮ್ಮು ಮತ್ತು ಕಾಶ್ಮೀರದಲ್ಲಿ ಹೊರಗಿನವರಿಗೆ ಅಕ್ರಮವಾಗಿ ಹಂಚಿದ ಲೈಸೆನ್ಸ್‌ಗಳ ಹಗರಣವನ್ನು ಸಿಬಿಐ ತನಿಖೆಗೆತ್ತಿಕೊಂಡಿತು. ಹಾಗಾಗಿ ಹೊರರಾಜ್ಯದ ಲೈಸೆನ್ಸ್ ಎಂದರೆ ಮೂಲ ಕಚೇರಿಗೆ ಬರೆದು ಖಾತ್ರಿ ಮಾಡಿಕೊಳ್ಳದೆ ಒಪ್ಪುವುದಿಲ್ಲ, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಎರಡನೆಯದು, ಲೈಸೆನ್ಸ್‌ನಲ್ಲಿ ಬರೆದ ಉದ್ದೇಶ. ವೈಯಕ್ತಿಕ ರಕ್ಷಣೆಗೆಂದು ಪಡೆದ ಬಂದೂಕನ್ನು ಕಂಪನಿಯ ಕಾವಲಿಗೆ ಬಾಡಿಗೆಯ ಹಾಗೆ ಬಳಸುವುದು ಷರತ್ತಿನ ಉಲ್ಲಂಘನೆ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಏಜೆನ್ಸಿಯವರು ಈ ಮಾತು ಎತ್ತುವುದಿಲ್ಲ. ಅನಾಹುತವಾದಾಗ ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರೇ ನಿಂತು ಉತ್ತರ ಹೇಳಬೇಕು.

ಮಂಜೂರಾತಿ ಬಂದ ಮೇಲೆ ಖಜಾನೆ ಚಲನ್ ಕಟ್ಟಿ, ಲೈಸೆನ್ಸ್ ಪಡೆದು, ಅಧಿಕೃತ ಡೀಲರ್ ಬಳಿ ಬಂದೂಕು ಕೊಳ್ಳುತ್ತೀರಿ. ಸಾಮಾನ್ಯರಿಗೆ ಸಿಗುವುದು 12 ಬೋರ್ ಡಬಲ್ ಬ್ಯಾರಲ್, .315 ರೈಫಲ್, .32 ರಿವಾಲ್ವರ್ ಅಥವಾ ಪಿಸ್ತೂಲಿನಂಥ ನಿಷೇಧಿತವಲ್ಲದ ಬೋರಿನವು. 9 ಎಂಎಂ, .303ರ ಆಸೆ ಬಿಡಿ, ಅವು ನಿಷೇಧಿತ ಬೋರು, ಕೇಂದ್ರ ಗೃಹ ಇಲಾಖೆಯ ಪಾಲಿನವು. ಕೊಂಡ ಬಂದೂಕನ್ನು ಕಚೇರಿಯಲ್ಲಿ ಹಾಜರುಪಡಿಸಿ ಅದರ ನಂಬರನ್ನು ಲೈಸೆನ್ಸ್‌ಗೆ ಏರಿಸಬೇಕು. ಆ ಹೊತ್ತಿನಲ್ಲಿ ಗುಮಾಸ್ತರ ಜೊತೆ ನೀವೂ ಬಗ್ಗಿ ನೋಡಿ. ಹಳೆಯ ಬಂದೂಕಿನ ನಳಿಕೆಯ ಬುಡದಲ್ಲಿ ಕೊರೆದ ಅಂಕಿ ಎಣ್ಣೆ, ಜಿಡ್ಡು ಕಟ್ಟಿ 3 ಇದ್ದದ್ದು 8ರಂತೆ ಕಾಣುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಸೀಮೆಸುಣ್ಣದ ಪುಡಿ ತಿಕ್ಕಿದರೆ ಕೊರೆತದಲ್ಲಿ ಬಿಳಿ ನಿಂತು ಅಂಕಿ ಎದ್ದು ಬರುತ್ತದೆ. ಪುಸ್ತಕದಲ್ಲಿ ಒಂದು ಅಂಕಿ ತಪ್ಪಿ ಬಿದ್ದರೆ ಕಾಗದದ ಪ್ರಕಾರ ನಿಮ್ಮ ಕೈಯಲ್ಲಿರುವುದು ಬೇರೆ ಬಂದೂಕು, ಮುಂದಿನ ತಪಾಸಣೆಯಲ್ಲಿ ಅದನ್ನು ವಿವರಿಸಿ ಹೈರಾಣಾಗುವವರು ನೀವು. ಶಸ್ತ್ರ ಲೈಸೆನ್ಸ್‌ಗಳ ರಾಷ್ಟ್ರೀಯ ದತ್ತಾಂಶದ ವಿಶಿಷ್ಟ ಗುರುತಿನ ಸಂಖ್ಯೆ, ಅಂದರೆ ಯುಐಎನ್, ಲೈಸೆನ್ಸ್ ಮೇಲೆ ಇದೆಯೇ ಎಂದೂ ನೋಡಿ. ಅದಿಲ್ಲದ ಹಳೆಯ ಪುಸ್ತಕಕ್ಕೆ ಈಗ ಬೆಲೆಯಿಲ್ಲ.

2019ರ ಡಿಸೆಂಬರ್ 14ರಿಂದ ಒಬ್ಬರಿಗೆ ಎರಡೇ ಬಂದೂಕು, ಮೊದಲು ಮೂರಿತ್ತು. ಅವಧಿ ಮೂರರಿಂದ 5 ವರ್ಷಕ್ಕೆ ಏರಿತು. ನವೀಕರಣದ ಅರ್ಜಿಯನ್ನು ಅವಧಿ ಮುಗಿಯಲು 60 ದಿನ ಇರುವಾಗಲೇ ಹಾಕಬೇಕು. ತೊಗರಿ ರಾಶಿ ಮುಗಿಯಲಿ, ಜಾತ್ರೆ ಮುಗಿಯಲಿ ಎಂದು ತಳ್ಳಿದರೆ ಅವಧಿ ಮುಗಿದ ಮರುದಿನದಿಂದ ಮನೆಯಲ್ಲಿರುವುದು ಅಕ್ರಮ ಶಸ್ತ್ರ. ಬಂದೂಕನ್ನು ಬಯಲಲ್ಲಿ ಒಯ್ಯುವಾಗ ಚೀಲದಲ್ಲಿ ಮುಚ್ಚಿ ಒಯ್ಯಬೇಕು. ಮದುವೆಯ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಆಯುಧ ಪೂಜೆಗೆ ಕುಂಕುಮ, ಹೂ ಏರಿಸಿ ಕೈಮುಗಿದರೆ ಸಾಕು. ಅದನ್ನು ಹಿಡಿದು ನಿಂತ ಫೋಟೊವನ್ನು ಸ್ಟೇಟಸ್‌ಗೆ ಹಾಕಿದ ಅಳಿಯನಿಂದ ಮಾವನ ಲೈಸೆನ್ಸ್ ಹೋಗಬಾರದು.

ಚುನಾವಣೆ ಬಂತೆಂದರೆ ಠಾಣೆಯಿಂದ ಫೋನು ಬರುತ್ತದೆ. ನೀತಿಸಂಹಿತೆ ಜಾರಿಯಾದಾಗ ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಯಾರ ಬಂದೂಕು ಠೇವಣಿಯಾಗಬೇಕೆಂದು ನಿರ್ಧರಿಸುತ್ತದೆ. ಬ್ಯಾಂಕ್ ಕಾವಲಿನವರು, ಕ್ರೀಡಾಪಟುಗಳು, ನಿಜವಾದ ಬೆದರಿಕೆ ಇರುವವರು ವಿನಾಯಿತಿಯನ್ನು ಆದೇಶ ಬಂದ ಕೂಡಲೇ ಲಿಖಿತವಾಗಿ ಕೇಳಬೇಕು. ಠಾಣೆಯ ಬಾಗಿಲಲ್ಲಿ ವಾದ ಮಾಡುವುದರಿಂದ ಆಗುವುದಿಲ್ಲ. ಒಪ್ಪಿಸುವಾಗ ಬಂದೂಕಿನ ನಂಬರ್, ಗುಂಡಿನ ಎಣಿಕೆ, ಈಗಾಗಲೇ ಇರುವ ಗೀರು ಅಥವಾ ಬಿರುಕು ಇಷ್ಟನ್ನೂ ರಸೀದಿಯಲ್ಲಿ ಬರೆಸಿ.

ಕೊನೆಗೆ ಸೇಡಂ, ಚಿತ್ತಾಪುರದ ಹಳೆಯ ವಾಡೆಗಳ ಸಮಸ್ಯೆ. ನಿಜಾಮರ ಕಾಲದಿಂದ ಪೊಲೀಸ್ ಪಟೇಲಕಿ, ದೇಶಮುಖಿ ಮಾಡಿದ ಮನೆತನಗಳಲ್ಲಿ ಅಜ್ಜನ ಬಂದೂಕು ಅಪ್ಪನಿಗೆ ಬಂದಿರುತ್ತದೆ. ಅಪ್ಪ ತೀರಿಕೊಂಡು ಮೂರು ವರ್ಷವಾದರೂ ಅದು ದೇವರ ಕೋಣೆಯ ಪಕ್ಕದ ಅಲಮಾರಿಯಲ್ಲೇ ಇರುತ್ತದೆ. ಲೈಸೆನ್ಸ್ ಅಪ್ಪನ ಜೊತೆಗೇ ಮುಗಿದಿದೆ ಎಂಬುದು ಯಾರ ತಲೆಗೂ ಹೊಳೆದಿರುವುದಿಲ್ಲ. ಕಾನೂನಿನ ಲೆಕ್ಕದಲ್ಲಿ ಆ ಮನೆಯ ಮಕ್ಕಳು ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಂಡವರು. ದಿನಕರ್ಮ ಮುಗಿದೊಡನೆ ಮಾಡಬೇಕಾದದ್ದು ಒಂದೇ: ಬಂದೂಕನ್ನೂ ಗುಂಡುಗಳನ್ನೂ ಹತ್ತಿರದ ಠಾಣೆಗೆ ಅಥವಾ ಲೈಸೆನ್ಸ್ ಇರುವ ಡೀಲರ್‌ಗೆ ಒಪ್ಪಿಸಿ ರಸೀದಿ ಪಡೆಯುವುದು. ಒಪ್ಪಿಸಿದರೆ ಬಂದೂಕು ಹೋಯಿತು ಎಂಬ ಭಯ ಬೇಡ. ವಾರಸುದಾರರಲ್ಲಿ ಒಬ್ಬರು ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದವರ ಆಕ್ಷೇಪವಿಲ್ಲವೆಂಬ ಅಫಿಡವಿಟ್ ಜೊತೆ ತಮ್ಮ ಹೆಸರಿಗೆ ಎ-1 ಅರ್ಜಿ ಹಾಕಬಹುದು. ವೈದ್ಯಕೀಯ ಪತ್ರ, ತರಬೇತಿ, ಪೊಲೀಸ್ ವಿಚಾರಣೆ ಇವರಿಗೂ ತಪ್ಪಿದ್ದಲ್ಲ. ಅಣ್ಣತಮ್ಮಂದಿರ ನಡುವೆ ಆಸ್ತಿ ಪಾಲಿನ ದಾವೆ ನಡೆದಿದ್ದರೆ ಆ ಅಫಿಡವಿಟ್ ಸಿಗುವುದೇ ಕಷ್ಟ, ಬಂದೂಕೂ ದಾವೆಯ ಜೊತೆ ಠಾಣೆಯ ಮಾಲುಖಾನೆಯಲ್ಲಿ ವರ್ಷಗಟ್ಟಲೆ ತುಕ್ಕು ಹಿಡಿಯುತ್ತದೆ.

ಇದನ್ನು ತಪ್ಪಿಸಲು ನಿಯಮದಲ್ಲೇ ದಾರಿಯಿದೆ. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದರೆ, ಅಥವಾ ಆ ಬಂದೂಕು ಅವರ ಬಳಿ 25 ವರ್ಷ ಇದ್ದಿದ್ದರೆ, ಬದುಕಿರುವಾಗಲೇ ವಾರಸುದಾರರೊಬ್ಬರನ್ನು ಹೆಸರಿಸಿ ಅವರಿಗೆ ವರ್ಗಾಯಿಸಬಹುದು. ಅಪ್ಪಾಜಿ ಗಟ್ಟಿಯಿರುವಾಗಲೇ ಕೂತು ಮಾತಾಡಿ ಮುಗಿಸಿಕೊಳ್ಳುವುದು ಒಳ್ಳೆಯದು. ಬೆಂಗಳೂರು, ಹೈದರಾಬಾದಿನಲ್ಲಿ ನೌಕರಿಯಲ್ಲಿರುವ ಮಗ 'ನನಗ್ಯಾತಕ್ಕ ಬೇಕ್ರಿ ಅದು' ಎಂದರೆ ಅದೂ ಸರಿಯಾದ ಉತ್ತರವೇ. ಆಗ ಡೀಲರ್‌ಗೆ ಮಾರಬಹುದು. ಲೈಸೆನ್ಸ್ ಇರುವ ಪರಿಚಯದವರಿಗೇ ಕೊಡುವುದಾದರೆ ಜಿಲ್ಲಾ ದಂಡಾಧಿಕಾರಿಗೋ ಹತ್ತಿರದ ಠಾಣೆಗೋ ಮೊದಲು ಬರೆದು ತಿಳಿಸಿ, 45 ದಿನ ಕಳೆದ ಮೇಲಷ್ಟೇ ಕೈಬದಲಾಯಿಸಬೇಕು. ನಳಿಕೆ ತೂತುಬಿದ್ದು, ಕುದುರೆ ಮುರಿದು, ರಿಪೇರಿ ಮಾಡಿದರೂ ಗುಂಡು ಹಾರದ ಹಳೆಯ ತುಪಾಕಿಗೆ ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿ ಇದೆ. ಆದರೆ ಅದು ಹಾರುವುದಿಲ್ಲ ಎಂದು ನೀವು ಹೇಳಿದರೆ ಸಾಲದು. ಠಾಣೆಯ ಮೂಲಕ ಶಸ್ತ್ರ ತಜ್ಞರಿಂದ ಪರೀಕ್ಷೆ ಮಾಡಿಸಿ, ಆ ವರದಿಯ ಪ್ರತಿಯನ್ನು ತುಪಾಕಿ ಇರುವ ಅಲಮಾರಿಯಲ್ಲೇ ಇಟ್ಟುಕೊಳ್ಳಿ.